ಬಚ್ಚಲುಮನೆಯಿಂದ ತಾರಸಿಯವರೆಗೆ

ಕೇಳುಗರಿಗೆ ನಮಸ್ಕಾರ. ಕರೆಂಟ್ ಉಳಿಸಬೇಕು ಎಂದ ಕೂಡಲೇ ನಾವು ಹಜಾರದ ದೀಪ ಆರಿಸಲು ಏಳುತ್ತೇವೆ. 9 ವಾಟ್‌ನ ಎಲ್‌ಇಡಿ ಬಲ್ಬು ನೂರು ಗಂಟೆ ಉರಿದರೂ ಒಂದು ಯೂನಿಟ್ ಆಗುವುದಿಲ್ಲ. ಚಳಿ, ಮಳೆಯ ತಿಂಗಳುಗಳಲ್ಲಿ ನಮ್ಮ ಹಾಸನದ ಕಡೆ ಮೀಟರು ಓಡುವುದು ಬಚ್ಚಲುಮನೆಯಿಂದ.

ಲೆಕ್ಕ ಹಾಕೋಣ. 20 ಡಿಗ್ರಿಯಲ್ಲಿರುವ ಒಂದು ಬಕೆಟ್, ಅಂದರೆ 20 ಲೀಟರ್ ನೀರನ್ನು 45 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್ ಬೇಕು. ನಾಲ್ಕು ಜನಕ್ಕೆ ದಿನಕ್ಕೊಂದು ಬಕೆಟ್ ಎಂದರೂ ತಿಂಗಳಿಗೆ 70 ಯೂನಿಟ್. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಬಿಲ್ಲು ಪೂರ್ತಿ ನಮ್ಮದೇ ಆಗುವುದರಿಂದ ಈ 70 ಸಣ್ಣ ಸಂಗತಿಯಲ್ಲ. ಗೀಸರ್ ಸ್ವಿಚ್ ಹಾಕಿಯೇ ಬಿಟ್ಟರೆ ನೀರು ಆರುತ್ತದೆ, ಮತ್ತೆ ಕಾಯುತ್ತದೆ. ಸ್ನಾನಕ್ಕೆ ಸ್ವಲ್ಪ ಮೊದಲು ಹಾಕಿ, ಕಾದ ಮೇಲೆ ಆರಿಸಿ. ಸೋಲಾರ್ ಇರುವವರು ತಾರಸಿಯಿಂದ ಇಳಿಯುವ ಬಿಸಿನೀರಿನ ಪೈಪಿಗೆ ಫೋಮ್ ಹೊದಿಕೆ ಸುತ್ತಿಸಿ.

ಇನ್ನು ಬಾಗಿಲು. ಸಕಲೇಶಪುರದ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು: ಜುಲೈ ಮಳೆಗೆ ಮರ ಉಬ್ಬಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಚಾರರನ್ನು ಕರೆಸಿ ಉಜ್ಜುಗೊರಡು ಹೊಡೆಸುತ್ತೇವೆ. ಡಿಸೆಂಬರ್‌ನಲ್ಲಿ ಮರ ಒಣಗಿ ಕುಗ್ಗಿದಾಗ ಅದೇ ಜಾಗದಲ್ಲಿ ಬೆರಳು ತೂರುವಷ್ಟು ಸಂದು. ದಯವಿಟ್ಟು ಮಳೆಗಾಲದಲ್ಲಿ ಹೊಡೆಸಬೇಡಿ. ಒಣಗಿದ ಮೇಲೆ ಅಳತೆ ನೋಡಿ ಸರಿ ಮಾಡಿಸಿ, ಅಂಚಿಗೂ ಬಣ್ಣ ಬಳಿಸಿ. ಬಣ್ಣ ಕಾಣದ ಅಂಚೇ ನೀರು ಕುಡಿಯುವುದು. ಸಂದು ಎಲ್ಲಿದೆಯೆಂದು ತಿಳಿಯಲು ಗಾಳಿ ಬೀಸುವ ಸಂಜೆ ಫ್ಯಾನ್ ಆರಿಸಿ, ಹಚ್ಚಿದ ಊದುಬತ್ತಿಯನ್ನು ಚೌಕಟ್ಟಿನ ಸುತ್ತ ನಿಧಾನವಾಗಿ ಆಡಿಸಿ. ಹೊಗೆ ಅಡ್ಡಕ್ಕೆ ಓಡಿದ ಕಡೆ ಅಂಟುವ ರಬ್ಬರ್ ಪಟ್ಟಿ ಹಾಕಿದರೆ ಸಾಕು. ರೂಮ್ ಹೀಟರ್ ಹಚ್ಚುವ ಮನೆಗಳಿಗೆ ಇದರ ಲಾಭ ಹೆಚ್ಚು.

ಆದರೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಅಡುಗೆಮನೆಯ ಗವಾಕ್ಷಿಯನ್ನೂ ಗ್ಯಾಸ್ ಗೀಸರ್ ಇರುವ ಬಚ್ಚಲಿನ ಕಿಂಡಿಯನ್ನೂ ಎಂದಿಗೂ ಮುಚ್ಚಬೇಡಿ. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯೂ ಅಷ್ಟೇ ಅಪಾಯ.

ಅರಸೀಕೆರೆ ಕಡೆಯ ಬಯಲುಸೀಮೆಯವರ ಕಷ್ಟ ಬೇರೆ. ಅಲ್ಲಿ ಕಾಡುವುದು ಏಪ್ರಿಲ್‌ನ ತಾರಸಿ. ಹಗಲಿಡೀ ಹೀರಿದ ಬಿಸಿಲನ್ನು ಕಾಂಕ್ರೀಟು ರಾತ್ರಿ ಕೋಣೆಯೊಳಗೆ ಬಿಡುತ್ತದೆ, ಫ್ಯಾನು ಅದೇ ಬಿಸಿಗಾಳಿಯನ್ನು ತಿರುಗಿಸುತ್ತದೆ. ಫೆಬ್ರವರಿಯಲ್ಲೇ ತಾರಸಿಯನ್ನು ಗುಡಿಸಿ, ಬಿರುಕು ಮುಚ್ಚಿಸಿ, ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿಯಿರಿ. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ಪ್ರತಿವರ್ಷ ಬಳಿಯಬೇಕು. ಬಳಿಯುವಾಗ ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲಿ.