ಗಾಜಿನ ಮನೆಯ ಜಗಳ, ಎರಡನೇ ಪ್ರಾಶಸ್ತ್ಯದ ಮತ

ಎಲ್ಲರಿಗೂ ನಮಸ್ಕಾರ.

ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ನೀವೆಲ್ಲ ಫಲಪುಷ್ಪ ಪ್ರದರ್ಶನ ನೋಡಿರುತ್ತೀರಿ. 1969ರ ಜುಲೈನಲ್ಲಿ ಅಲ್ಲಿ ಸೇರಿದ್ದು ಕಾಂಗ್ರೆಸ್ಸಿನವರು. ರಾಷ್ಟ್ರಪತಿ ಯಾರಾಗಬೇಕು ಅನ್ನುವ ಜಗಳ ಆ ಅಧಿವೇಶನದ ಹೊತ್ತಲ್ಲೇ ಬಿಸಿಯಾಯಿತು.

ಮೇ 3ರಂದು ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡಿದ್ದರು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಜಗಜೀವನ್ ರಾಮ್ ಬೇಕಿತ್ತು. ಸಿಂಡಿಕೇಟ್ ಅಂತ ಹೆಸರಾಗಿದ್ದ ಪಕ್ಷದ ಹಿರಿಯರಿಗೆ ನೀಲಂ ಸಂಜೀವ ರೆಡ್ಡಿ ಬೇಕಿತ್ತು. ಅಭ್ಯರ್ಥಿಯನ್ನು ಆರಿಸುವ ಪಕ್ಷದ ಸಂಸದೀಯ ಮಂಡಳಿಯಲ್ಲಿ ಮತಕ್ಕೆ ಹಾಕಿದರು, ಇಂದಿರಾ ಸೋತರು. ಆಮೇಲೆ ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು! ಅತ್ತ ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿ ಹುದ್ದೆ ಬಿಟ್ಟು ಪಕ್ಷೇತರರಾಗಿ ನಿಂತರು. ಅವರು ನಮ್ಮ ಮೈಸೂರು ರಾಜ್ಯಕ್ಕೂ ರಾಜ್ಯಪಾಲರಾಗಿದ್ದವರು. ಕಣದಲ್ಲಿದ್ದ ಮೂರನೆಯ ಪ್ರಮುಖರು ಸಿ.ಡಿ. ದೇಶಮುಖ್. ಅವರ ಬೆನ್ನಿಗೆ ವಿರೋಧ ಪಕ್ಷಗಳಾದ ಜನಸಂಘ, ಸ್ವತಂತ್ರ ಪಕ್ಷ ಇದ್ದವು.

ಈಗ ನೀವೊಬ್ಬ ಕಾಂಗ್ರೆಸ್ ಶಾಸಕರು ಅಂದುಕೊಳ್ಳಿ. ನಿಮ್ಮ ಕೈಗೆ ಬರುವ ಮತಪತ್ರದಲ್ಲಿ ಕೈ, ಕಮಲ, ತೆನೆ ಯಾವ ಚಿಹ್ನೆಯೂ ಇರುವುದಿಲ್ಲ. ಬರೀ ಹೆಸರುಗಳು. ಒಂದು ಹೆಸರಿನ ಮುಂದೆ 1 ಅಂತ ಬರೆಯಬೇಕು. ಇಷ್ಟವಿದ್ದರೆ ಇನ್ನೊಂದರ ಮುಂದೆ 2. ಮತ ಗುಟ್ಟಾಗಿರುತ್ತದೆ, ಏನು ಬರೆದಿರಿ ಅಂತ ಯಾರಿಗೂ ತೋರಿಸಬೇಕಾಗಿಲ್ಲ. ಈ ಚುನಾವಣೆಗೆ ಪಕ್ಷಗಳು ವಿಪ್, ಅಂದರೆ ಇಂಥವರಿಗೇ ಮತ ಹಾಕಬೇಕು ಅನ್ನುವ ಕಟ್ಟಪ್ಪಣೆ, ಕೊಡುವಂತಿಲ್ಲ ಅಂತ ಇವತ್ತು ಚುನಾವಣಾ ಆಯೋಗವೇ ಹೇಳುತ್ತದೆ. ಆಗ ಮಾತ್ರ ವಿಪ್ ವಿಚಾರಕ್ಕೇ ದೊಡ್ಡ ರಂಪವಾಯಿತು.

ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ರೆಡ್ಡಿಯವರಿಗೆ ಎರಡನೇ ಪ್ರಾಶಸ್ತ್ಯದ ಮತ ಕೊಡಿ ಎಂದು ಅವರು ಜನಸಂಘ, ಸ್ವತಂತ್ರ ಪಕ್ಷದ ನಾಯಕರ ಜೊತೆ ಮಾತಾಡಿದರು. ಇಂದಿರಾ ಬೆಂಬಲಿಗರು ಅದನ್ನೇ ಹಿಡಿದುಕೊಂಡರು. ವಿಪ್ ಬೇಡ, ಆತ್ಮಸಾಕ್ಷಿಯಂತೆ ಮತ ಹಾಕಿ ಅನ್ನುವ ಕರೆ ಹೊರಟಿತು. ಅಂದರೆ, ರೆಡ್ಡಿಯವರನ್ನು ಬಿಟ್ಟು ಗಿರಿಯವರಿಗೆ ಹಾಕಿದರೂ ಸರಿ ಅನ್ನುವ ಸೂಚನೆ. ನನ್ನನ್ನು ಕೇಳಿದರೆ ಬೇಲಿ ಹಾರಿದ್ದು ಎರಡೂ ಕಡೆಯವರು. ಒಬ್ಬರು ವಿರೋಧ ಪಕ್ಷದ ಮತ ಕೇಳಲು ಹಾರಿದರು, ಇನ್ನೊಬ್ಬರು ತಮ್ಮದೇ ಅಭ್ಯರ್ಥಿಯನ್ನು ಬಿಟ್ಟು ಹಾರಿದರು.

ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖ್‌ಗೆ 1,12,769. ಇವು ತಲೆ ಎಣಿಸಿದ ಲೆಕ್ಕವಲ್ಲ, ಮತದ ಮೌಲ್ಯದ ಲೆಕ್ಕ; ಈ ಚುನಾವಣೆಯಲ್ಲಿ ಒಬ್ಬೊಬ್ಬ ಸಂಸದ, ಶಾಸಕರ ಮತಕ್ಕೂ ಇಂತಿಷ್ಟು ಅಂತ ಮೌಲ್ಯ ಇರುತ್ತದೆ. ಗೆಲ್ಲಲು 4,18,169 ಬೇಕಿತ್ತು, ಯಾರಿಗೂ ಅಷ್ಟು ಬರಲಿಲ್ಲ. ಸರಿ, ದೇಶಮುಖ್ ಸೇರಿ ಹಿಂದೆ ಬಿದ್ದವರನ್ನು ಒಬ್ಬೊಬ್ಬರಾಗಿ ಕಣದಿಂದ ತೆಗೆದು, ಅವರ ಮತಪತ್ರಗಳಲ್ಲಿ 2 ಎಲ್ಲಿದೆ ಅಂತ ನೋಡಿದರು. ರೆಡ್ಡಿಯವರಿಗೆ 91 ಸಾವಿರಕ್ಕೂ ಜಾಸ್ತಿ ಸೇರಿತು. ಗಿರಿಯವರಿಗೆ ಸಿಕ್ಕಿದ್ದು 18 ಸಾವಿರ ಚಿಲ್ಲರೆ. ನಿಜಲಿಂಗಪ್ಪನವರ ಲೆಕ್ಕ ಪೂರ್ತಿ ತಪ್ಪಿರಲಿಲ್ಲ ನೋಡಿ! ಆದರೂ ಗಿರಿ 4,20,077ಕ್ಕೆ ಮುಟ್ಟಿದರು, ರೆಡ್ಡಿ 4,05,427ಕ್ಕೆ ನಿಂತರು. ಗಿರಿಯವರು ಗೆರೆ ದಾಟಿದ್ದು ಬರೀ 1,908ರಲ್ಲಿ.

ಹಾಗಾದರೆ ಗೆದ್ದದ್ದು ಆತ್ಮಸಾಕ್ಷಿಯೇ? ನನಗೆ ಅನುಮಾನ. ಪ್ರಧಾನಿಯೇ ದಾರಿ ತೋರಿಸಿದ ಮೇಲೆ ಏಳುವ ಆತ್ಮಸಾಕ್ಷಿಗೆ ಅಂಥಾ ಧೈರ್ಯವೇನೂ ಬೇಕಿಲ್ಲ, ಅಲ್ವಾ? ಜುಲೈ 19ರಂದು 14 ಬ್ಯಾಂಕ್‌ಗಳನ್ನು ರಾಷ್ಟ್ರೀಕರಣ ಮಾಡಿದ್ದರು. ಗಾಳಿ ಎತ್ತ ಬೀಸುತ್ತಿದೆ ಅಂತ ಶಾಸಕರಿಗೆ ಗೊತ್ತಿತ್ತು. ಇಂದಿರಾ ಸೋತರೂ ಸರಿ, ಗಿರಿಯೇ ಯೋಗ್ಯರು ಎಂದು ಯಾರಾದರೂ 1 ಬರೆದಿದ್ದರೆ ಅವರಿಗೆ ನನ್ನ ನಮಸ್ಕಾರ. ಹಾಗೆಯೇ, ಪ್ರಧಾನಿಯ ಕಣ್ಣು ಕೆಂಪಾಗುತ್ತದೆ ಅಂತ ಗೊತ್ತಿದ್ದೂ ರೆಡ್ಡಿಗೆ ಹಾಕಿದ ಕಾಂಗ್ರೆಸ್ಸಿಗರಿಗೂ. ಅವರ ಆತ್ಮಸಾಕ್ಷಿಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ನವೆಂಬರ್‌ನಲ್ಲಿ ಇಂದಿರಾ ಅವರನ್ನೇ ಪಕ್ಷದಿಂದ ತೆಗೆದರು, ಕಾಂಗ್ರೆಸ್ ಎರಡಾಯಿತು. ಸಂಜೀವ ರೆಡ್ಡಿ 1977ರಲ್ಲಿ ಅದೇ ಹುದ್ದೆಗೆ ಬಂದರು, ಅವಿರೋಧವಾಗಿ. ಆಗ ಹಂಗಾಮಿ ರಾಷ್ಟ್ರಪತಿಯಾಗಿ ಆ ಕುರ್ಚಿಯಲ್ಲಿದ್ದವರು ನಮ್ಮ ಬಿ.ಡಿ. ಜತ್ತಿ. ಆ ಸಲ 1, 2 ಅಂತ ಬರೆಯುವ ಕೆಲಸವೇ ಯಾರಿಗೂ ಬೀಳಲಿಲ್ಲ.