ಕೈ ಹಿಡಿಯೋಕೆ ಅರ್ಧ ಸರಣಿ ಬೇಕಾ? ಚೀನೀ ಡ್ರಾಮಾಗಳ ನಿಧಾನ ಪ್ರೀತಿಯ ಒಳಗುಟ್ಟು

[ತೆರೆಯಲ್ಲಿ: ಖಾಲಿ ಕ್ಲಾಸ್‌ರೂಮ್, ಜೋಡಿ ಡೆಸ್ಕುಗಳ ಸಾಲು]

ನಮಸ್ಕಾರ. ಚೀನಾದ ಹೈಸ್ಕೂಲು, ಕಾಲೇಜು ಪ್ರೇಮದ ಡ್ರಾಮಾಗಳಲ್ಲಿ ಹುಡುಗ ಹುಡುಗಿ ಒಬ್ಬರ ಕೈ ಒಬ್ಬರು ಹಿಡಿಯೋ ಹೊತ್ತಿಗೆ ಅರ್ಧ ಸರಣಿ ಮುಗಿದಿರುತ್ತೆ. ಆದ್ರೂ ಜನ ರಾತ್ರಿಯೆಲ್ಲಾ ಕೂತು ನೋಡ್ತಾರೆ. ಈ ನಿಧಾನ ಹೇಗೆ ಕೆಲಸ ಮಾಡುತ್ತೆ, ಕೆಟ್ಟಾಗ ಎಲ್ಲಿ ಕೆಡುತ್ತೆ, ಬಿಡಿಸಿ ನೋಡೋಣ.

ಮೊದಲು ಲೆಕ್ಕ. ಸಾಮಾನ್ಯವಾಗಿ 24 ಕಂತು, ಕಂತಿಗೆ 40-45 ನಿಮಿಷ. ಒಟ್ಟು 16ರಿಂದ 18 ಗಂಟೆ. ನಮ್ಮ ಕನ್ನಡ ಧಾರಾವಾಹಿಗಳಲ್ಲಿ ಪ್ರಸಾರದ ಜೊತೆಜೊತೆಗೇ ಶೂಟಿಂಗ್ ನಡೀತಿರುತ್ತೆ, ಟಿಆರ್‌ಪಿ ನೋಡ್ಕೊಂಡು ಕಥೆ ದಾರಿ ಬದಲಿಸುತ್ತೆ. ಚೀನಾದಲ್ಲಿ ಸಾಮಾನ್ಯವಾಗಿ ಇಡೀ ಸರಣಿ ಶೂಟ್ ಆಗಿ, ಎಡಿಟ್ ಆಗಿ, ಸೆನ್ಸಾರ್ ಪರಿಶೀಲನೆ ದಾಟಿದ ಮೇಲೇ ಮೊದಲ ಕಂತು ಹೊರಗೆ ಬರೋದು. ಹಾಗಾಗಿ ಮೂರನೇ ಕಂತಲ್ಲಿ ಕೊಟ್ಟ ಒಂದು ಛತ್ರಿಗೆ ಹತ್ತೊಂಬತ್ತನೇ ಕಂತಲ್ಲಿ ಉತ್ತರ ಕೊಡೋಕೆ ಬರಹಗಾರರಿಗೆ ಆಗುತ್ತೆ. ಯಾವ ಕಂತಿಗೆ ಎಷ್ಟು ಅಂತ ಮೊದಲೇ ಅಳೆದಿಟ್ಟಿರ್ತಾರೆ.

ಈಗ ಇಬ್ಬರು ಅಕ್ಕಪಕ್ಕ ಕೂರೋ ಆ ಜೋಡಿ ಡೆಸ್ಕಿಗೆ ಬರೋಣ. ಈ ಕಥೆಗಳ ನಿಜವಾದ ಯಂತ್ರ ಅದೇ.

[ತೆರೆಯಲ್ಲಿ: ಡೆಸ್ಕಿನ ಮೇಲೆ ಎರಡು ಪುಸ್ತಕದ ರಾಶಿ, ನಡುವೆ ಒಂದು ಗೇಣು ಜಾಗ]

ಚೀನಾದ ಹೈಸ್ಕೂಲು ಮೂರು ವರ್ಷ. ಬೆಳಗಿನ ಓದಿನಿಂದ ಶುರುವಾಗಿ ರಾತ್ರಿಯ ಸ್ವಂತ ಓದಿನವರೆಗೆ ಮಕ್ಕಳು ಕ್ಲಾಸಲ್ಲೇ ಇರ್ತಾರೆ. ಪಕ್ಕದಲ್ಲಿ ಕೂರೋರು ಮನೆಯವರಿಗಿಂತ ಹೆಚ್ಚು ಹೊತ್ತು ಜೊತೆಗಿರ್ತಾರೆ. ಎಲ್ಲರ ಕಣ್ಣೂ ಜೂನ್ 7ಕ್ಕೆ ಶುರುವಾಗೋ ಗಾವ್‌ಕಾವ್ ಪರೀಕ್ಷೆ ಮೇಲೆ. ಯಾವ ಯೂನಿವರ್ಸಿಟಿ ಅನ್ನೋದು ಬಹುಪಾಲು ಅದೊಂದರಲ್ಲೇ ತೀರ್ಮಾನ, ಹೆಚ್ಚಿನ ಪ್ರಾಂತ್ಯಗಳಲ್ಲಿ ಒಟ್ಟು 750 ಅಂಕ. ಈ ವಯಸ್ಸಲ್ಲಿ ಪ್ರೀತಿ ಅಂದ್ರೆ ಮೇಷ್ಟ್ರೂ ಅಪ್ಪ ಅಮ್ಮನೂ ಉರಿದು ಬೀಳ್ತಾರೆ. ಅಪ್ರಾಪ್ತರ ಪ್ರೇಮವನ್ನ ತೋರಿಸೋದಕ್ಕೆ ಅಲ್ಲಿನ ನಿಯಂತ್ರಕರೂ ಒಪ್ಪಲ್ಲ.

ಅಂದ್ರೆ ಇಬ್ಬರು ದಿನವಿಡೀ ಒಂದು ಗೇಣು ದೂರದಲ್ಲಿದ್ದಾರೆ, ಬಾಯಿ ಬಿಟ್ಟು ಹೇಳೋ ಹಾಗಿಲ್ಲ. ಹೇಳಲಾಗದ್ದೆಲ್ಲಾ ವಸ್ತುಗಳ ಮೇಲೆ ಹೋಗಿ ಕೂರುತ್ತೆ: ಸರಿ ಮಾಡಿಕೊಟ್ಟ ಫಿಸಿಕ್ಸ್ ಲೆಕ್ಕ, ದೊಗಲೆ ಯೂನಿಫಾರಂ ಜಾಕೆಟ್ಟು, ತುಂಬಿಸಿಟ್ಟ ನೀರಿನ ಬಾಟಲಿ.

2016ರಲ್ಲಿ ಚೀನಾದ ಸ್ಟ್ರೀಮಿಂಗ್ ವೇದಿಕೆ ಐಚಿಯಿಯಲ್ಲಿ ಬಂದ ‘ವಿತ್ ಯೂ’ ಇದರ ಅತ್ಯುತ್ತಮ ಉದಾಹರಣೆ. 24 ಕಂತು. ಲಿಯು ಹಾವ್‌ರಾನ್ ಮತ್ತು ಟಾನ್ ಸಾಂಗ್‌ಯುನ್ ನಟಿಸಿದ್ದಾರೆ. ಓದಿನಲ್ಲಿ ಹಿಂದಿರೋ ಗೆಂಗ್ ಗೆಂಗ್, ಫಿಸಿಕ್ಸಲ್ಲಿ ಚುರುಕಾಗಿರೋ ಯು ಹುವಾಯ್, ಇಬ್ಬರದೂ ಒಂದೇ ಡೆಸ್ಕು. ಅವನು ಪ್ರೀತಿ ತೋರಿಸೋ ರೀತಿ ಅಂದ್ರೆ ಪಾಠ ಹೇಳಿಕೊಡೋದು. ಅವಳ ಅಂಕ ಏರಿದ ಹಾಗೆ ಇಬ್ಬರ ಸಂಬಂಧವೂ ಏರುತ್ತೆ. ಪ್ರೇಮದ ಏರಿಳಿತಕ್ಕೆ ಮಾರ್ಕ್ಸ್ ಕಾರ್ಡನ್ನೇ ಅಳತೆಗೋಲು ಮಾಡಿದ ಜಾಣತನ ಇದು. ಸ್ಕೂಲು ಬರೀ ಹಿನ್ನೆಲೆಯಾಗಿ ಉಳಿಯಲ್ಲ.

[ತೆರೆಯಲ್ಲಿ: ಮೆಟ್ಟಿಲಿನ ಚಿತ್ರ, ಒಂದೊಂದೇ ಹಂತ ಬೆಳಗುತ್ತೆ]

ನೀವೇ ಇಂಥ ಕಥೆ ಬರೀತಿದ್ರೆ ಈ ನಿಯಮ ನೆನಪಿಡಿ: ಪ್ರತಿ ಕಂತು ಮುಗಿಯುವಾಗ ಇಬ್ಬರ ನಡುವೆ ಹಿಂದಕ್ಕೆ ಹೋಗಲಾಗದ ಒಂದು ಸಣ್ಣ ಬದಲಾವಣೆ ಆಗಿರಬೇಕು. ಮೊದಲು ಅವಳ ಸೀಟು ಎಲ್ಲಿದೆ ಅಂತ ಅವನಿಗೆ ಗೊತ್ತಾಗುತ್ತೆ. ಆಮೇಲೆ ಅವಳಿಗೆ ಯಾವ ಪಾಠ ಕಷ್ಟ ಅಂತ. ಆಮೇಲೆ ಅವಳಿಗೋಸ್ಕರ ಮೇಷ್ಟ್ರ ಮುಂದೆ ಒಂದು ಸುಳ್ಳು. ಇದಾದ ಮೇಲೆ ಬರಬೇಕಾದದ್ದು ಗೈರುಹಾಜರಿಯ ಕಂತು. ಜ್ವರಕ್ಕೋ ಸ್ಪರ್ಧೆಗೋ ಒಬ್ಬರು ನಾಲ್ಕು ದಿನ ಬರಲ್ಲ, ಇನ್ನೊಬ್ಬರು ಖಾಲಿ ಸೀಟು ನೋಡ್ತಾರೆ. ಪ್ರೀತಿ ಅಂತ ಪಾತ್ರಕ್ಕೇ ಅರಿವಾಗೋದು ಬಹುತೇಕ ಇಲ್ಲೇ. ಇದನ್ನ ತೀರಾ ಬೇಗ ಇಟ್ರೆ ಕಳ್ಕೊಳ್ಳೋಕೆ ಏನೂ ಕೂಡಿಬಂದಿರಲ್ಲ, ತಡವಾಗಿ ಇಟ್ರೆ ನೋಡುಗರಿಗೆ ಮೊದಲೇ ಗೊತ್ತಾಗಿಬಿಟ್ಟಿರುತ್ತೆ. 24 ಕಂತಿನ ಕಥೆಗೆ ಏಳರಿಂದ ಹತ್ತರೊಳಗೆ ಇದ್ರೆ ಒಳ್ಳೇದು ಅನ್ನೋದು ನಮ್ಮ ಅಭಿಪ್ರಾಯ.

ಕ್ಯಾಮೆರಾಗೂ ಒಂದು ಕೆಲಸ ಇದೆ. ಅವಳು ನೋಡ್ತಾಳೆ, ಅವನಿಗೆ ಕಾಣಲ್ಲ, ನಮಗೆ ಕಾಣುತ್ತೆ. ಮುಂದೆ ಯಾವಾಗಲೋ ಅದೇ ದೃಶ್ಯ ಅವನ ಕಡೆಯಿಂದ ಬರುತ್ತೆ, ಅವತ್ತು ಅವನೂ ನೋಡ್ತಿದ್ದ ಅಂತ ಗೊತ್ತಾಗುತ್ತೆ. ಇದು ಫಲಿಸಬೇಕಾದ್ರೆ ಮೊದಲ ಸಲವೇ ಎರಡೂ ಕಡೆಯ ಶಾಟ್ ತೆಗೆದಿಟ್ಟಿರಬೇಕು. ಪೂರ್ತಿ ಶೂಟ್ ಮಾಡಿ ಬಿಡುಗಡೆ ಮಾಡೋ ಪದ್ಧತಿ ಇಲ್ಲೂ ಸಹಾಯಕ್ಕೆ ಬರುತ್ತೆ.

2023ರ ‘ಹಿಡನ್ ಲವ್’ ಇನ್ನೂ ಕಷ್ಟದ ಹಗ್ಗದ ಮೇಲೆ ನಡೆದ ಡ್ರಾಮಾ. 25 ಕಂತು, ಝಾವ್ ಲೂಸಿ ಮತ್ತು ಚೆನ್ ಝೆಯುವಾನ್. ಅಣ್ಣನ ಗೆಳೆಯ ದುವಾನ್ ಜಿಯಾಶುವಿನ ಮೇಲೆ ಸ್ಕೂಲು ಹುಡುಗಿ ಸಾಂಗ್ ಝಿಗೆ ಮನಸ್ಸಾಗುತ್ತೆ. ಇಲ್ಲಿ ಒಂದು ಹೆಜ್ಜೆ ತಪ್ಪಿದ್ರೂ ನೋಡೋಕೆ ಮುಜುಗರ. ಹಾಗಾಗಿ ಆ ಭಾಗದಲ್ಲಿ ಆಸೆಯೆಲ್ಲಾ ಅವಳ ಕಡೆಯಿಂದ ಮಾತ್ರ, ಅವನಿಗೆ ಅವಳು ಗೆಳೆಯನ ತಂಗಿ ಅಷ್ಟೇ. ಅವಳು ಬೆಳೆದು, ಅವನಿರೋ ಊರಿಗೇ ಯೂನಿವರ್ಸಿಟಿ ಓದೋಕೆ ಬಂದ ಮೇಲಷ್ಟೇ ಅವನ ನೋಟ ಬದಲಾಗುತ್ತೆ. ಆದ್ರೂ ಆ ವಯಸ್ಸಿನ ಅಂತರ ಕೆಲವರಿಗೆ ಹಿಡಿಸಲ್ಲ. ಅದು ನ್ಯಾಯವಾದ ಆಕ್ಷೇಪವೇ.

ಕೆಡೋದು ಎಲ್ಲಿ? ಹೆಚ್ಚಾಗಿ ಗಾವ್‌ಕಾವ್ ಮುಗಿದ ಮೇಲೆ. ಪರೀಕ್ಷೆ ಹೋಯ್ತು, ಯೂನಿಫಾರಂ ಹೋಯ್ತು, ಡೆಸ್ಕೂ ಹೋಯ್ತು. ತಡೆಗಳೇ ಇಲ್ಲದಾಗ ಇಬ್ಬರನ್ನ ದೂರ ಇಡೋಕೆ ಬರಹಗಾರರು ಕೃತಕ ಕಾರಣ ಹುಡುಕ್ತಾರೆ. ಒಂದು ಫೋನ್ ಕಾಲ್‌ನಲ್ಲಿ ಬಗೆಹರಿಯೋ ತಪ್ಪು ತಿಳುವಳಿಕೆ ನಾಲ್ಕು ಕಂತು ಎಳೀತಾರೆ, ಇಲ್ಲಾ ಆಫೀಸಿನ ಉಪಕಥೆ ತಂದು ಹಾಕ್ತಾರೆ. ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. ಡ್ರಾಮಾ ಮಾರಾಟ ಆಗೋದು ಕಂತಿಗೆ ಇಷ್ಟು ಅಂತ. 2020ರ ಫೆಬ್ರವರಿಯಲ್ಲಿ ನಿಯಂತ್ರಕರು 40 ಕಂತು ಮೀರಬಾರದು, 30ರೊಳಗೆ ಮುಗಿಸಿದ್ರೆ ಪ್ರೋತ್ಸಾಹ ಅಂತ ಸೂಚನೆ ಕೊಟ್ಟದ್ದು ಹೀಗೆ ಎಳೆಯೋದನ್ನ ತಡೆಯೋಕೇ.

‘ವಿತ್ ಯೂ’ನಲ್ಲೂ ಪರೀಕ್ಷೆ ಆದ ಮೇಲೆ ಯು ಹುವಾಯ್ ಹೇಳದೇ ಕೇಳದೇ ಮರೆಯಾಗ್ತಾನೆ, ವರ್ಷಗಳಾದ ಮೇಲೆ ಸಿಗ್ತಾನೆ. ಅಲ್ಲಿ ಅದು ನಂಬೋ ಹಾಗಿದೆ, ಯಾಕಂದ್ರೆ ಸೋತ ಮುಖ ತೋರಿಸಲಾರದ ಅವನ ಸ್ವಭಾವವನ್ನ ಮೊದಲಿಂದಲೇ ಕಟ್ಟಿದ್ದಾರೆ.

ಇನ್ನು ನೋಡೋ ವಿಷಯ. 2020ರ ನವೆಂಬರಿನಲ್ಲಿ ಭಾರತ ಚೀನೀ ಡ್ರಾಮಾ ತೋರಿಸೋ ವೀಟಿವಿ, ಮ್ಯಾಂಗೋಟಿವಿ ಆ್ಯಪ್‌ಗಳನ್ನ ನಿಷೇಧಿಸಿತು. ಆದ್ರೂ ಬೇರೆ ದಾರಿ ಇದೆ. ‘ಹಿಡನ್ ಲವ್’ ನೆಟ್‌ಫ್ಲಿಕ್ಸ್‌ನಲ್ಲಿ ಬಂತು, ನಿರ್ಮಾಣ ಸಂಸ್ಥೆಗಳು ತಾವೇ ಯೂಟ್ಯೂಬಿಗೆ ಹಾಕಿದ ಡ್ರಾಮಾಗಳೂ ಬೇಕಾದಷ್ಟಿವೆ. ದಯವಿಟ್ಟು 1.5 ವೇಗದಲ್ಲಿ ನೋಡಬೇಡಿ. ಉತ್ತರ ಕೊಡೋ ಮುಂಚಿನ ಎರಡು ಸೆಕೆಂಡ್ ಮೌನದಲ್ಲೇ ಅರ್ಧ ಅಭಿನಯ ಇರುತ್ತೆ, ಅದು ಕತ್ತರಿಸಿಹೋಗುತ್ತೆ. ಮೂರು ಕಂತು ನೋಡಿ. ಮೊದಲನೇದಕ್ಕೂ ಮೂರನೇದಕ್ಕೂ ಇಬ್ಬರ ನಡುವೆ ಏನೂ ಬದಲಾಗಿಲ್ಲ ಅನ್ಸಿದ್ರೆ ಮುಂದೆ ಬದಲಾಗೋದೂ ಅನುಮಾನ, ಬಿಟ್ಟುಬಿಡಿ. ‘ಹಿಡನ್ ಲವ್’ ಇಷ್ಟ ಆದ್ರೆ 2025ರ ‘ದಿ ಫಸ್ಟ್ ಫ್ರಾಸ್ಟ್’ ನೋಡಿ, 32 ಕಂತು, ಸಾಂಗ್ ಝಿಯ ಅಣ್ಣ ಸಾಂಗ್ ಯಾನ್ ಕಥೆ. ನಟ ಬೇರೆ, ಬಾಯ್ ಜಿಂಗ್‌ಟಿಂಗ್. ಹಾಗಾಗಿ ಮುಖ ಹೊಂದಿಸ್ಕೊಳ್ಳೋಕೆ ಒಂದೆರಡು ಕಂತು ಹಿಡಿಯುತ್ತೆ.