ತಲೆಯೊಳಗಿನ ನೀರು ನಿಂತ ನೀರಲ್ಲ

ಎಲ್ಲಾ ಕೇಳುಗರಿಗೂ ನಮಸ್ಕಾರ. ಡಾಕ್ಟರು "ಬೆನ್ನಿಂದ ಸ್ವಲ್ಪ ನೀರು ತೆಗೆದು ಟೆಸ್ಟ್ ಮಾಡ್ಬೇಕು" ಅಂದ್ರೆ ಸಾಕು, ಮನೆಯವರ ಮುಖ ಬಿಳಿಚ್ಕೊಳ್ಳುತ್ತೆ. ಆ ನೀರು ಹೋದ್ರೆ ಮತ್ತೆ ಬರಲ್ಲವಂತೆ, ಕಾಲು ಬಿದ್ದೋಗುತ್ತಂತೆ ಅಂತ ಯಾರೋ ಒಬ್ರು ಹೇಳೇ ಹೇಳ್ತಾರೆ. ಮಿದುಳು, ಬೆನ್ನುಹುರಿ ಎರಡರ ಸುತ್ತಲೂ ಇರೋ ಈ ತಿಳಿ ದ್ರವಕ್ಕೆ ಆಸ್ಪತ್ರೇಲಿ ಸಿಎಸ್‌ಎಫ್ ಅಂತಾರೆ.

ಮೊದಲು ಒಂದು ಲೆಕ್ಕ ಕೇಳಿ. ದೊಡ್ಡವರಲ್ಲಿ ಯಾವ ಹೊತ್ತಲ್ಲಿ ನೋಡಿದ್ರೂ ಇದು ಇರೋದು ಸುಮಾರು 150 ಎಂಎಲ್, ಆದ್ರೆ ದಿನಕ್ಕೆ ತಯಾರಾಗೋದು 500 ಎಂಎಲ್ ಹತ್ರ, ಅಂದ್ರೆ ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ಪೂರ್ತಿ ಹೊಸದಾಗುತ್ತೆ. ಗಂಟೆಗೆ 20 ಎಂಎಲ್ ಅಂದ್ಕೊಳ್ಳಿ. ಟೆಸ್ಟಿಗೆ ತೆಗೆದ 10 ಎಂಎಲ್ ಅರ್ಧ ಗಂಟೇಲಿ ವಾಪಸ್! ಇನ್ನು ಕಾಲಿನ ಭಯ. ದೊಡ್ಡವರ ಬೆನ್ನುಹುರಿ ಸೊಂಟದ ಒಂದನೇ ಎರಡನೇ ಮೂಳೆ ಹತ್ರಾನೇ ಮುಗಿದುಹೋಗುತ್ತೆ, ಸೂಜಿ ಹಾಕೋದು ಅದಕ್ಕಿಂತ ಕೆಳಗೆ, ಮೂರನೇ ನಾಲ್ಕನೇ ಮೂಳೆ ನಡುವೆ, ಅಲ್ಲಿ ಬರೀ ನರದ ಎಳೆಗಳು ದ್ರವದಲ್ಲಿ ತೇಲ್ತಿರುತ್ತವೆ ಅಷ್ಟೇ. 1891ರಲ್ಲಿ ಜರ್ಮನಿಯ ಕ್ವಿಂಕೆ ಅನ್ನೋ ಡಾಕ್ಟರು ಈ ವಿಧಾನ ಹೇಳಿಕೊಟ್ರು, ಇವತ್ತಿಗೂ ಹೆಚ್ಚುಕಮ್ಮಿ ಅದೇ.

ತಯಾರಾಗೋದೆಲ್ಲಿ? ಮಿದುಳಿನೊಳಗೆ ವೆಂಟ್ರಿಕಲ್ ಅಂತ ನಾಲ್ಕು ಟೊಳ್ಳು ಜಾಗ ಇವೆ. ಅವುಗಳಲ್ಲಿ ಕೊರಾಯ್ಡ್ ಪ್ಲೆಕ್ಸಸ್ ಅನ್ನೋ, ರಕ್ತನಾಳ ತುಂಬಿದ ಕುಚ್ಚುಗಳು. ರಕ್ತ ಸುಮ್ನೆ ಸೋಸಿ ನೀರಾಗಲ್ಲ, ಅಲ್ಲಿನ ಕೋಶಗಳು ಸೋಡಿಯಂನ ಪಂಪ್ ಮಾಡ್ತವೆ, ಅದರ ಹಿಂದೆ ನೀರು ಬರುತ್ತೆ. ಪ್ರೋಟೀನ್ ಹೆಚ್ಚುಕಮ್ಮಿ ಆಚೇನೇ ಉಳಿಯುತ್ತೆ, ಸಕ್ಕರೆ ಮಾತ್ರ ರಕ್ತದಲ್ಲಿರೋದರ ಮೂರನೇ ಎರಡು ಭಾಗದಷ್ಟು ಇರುತ್ತೆ. ಬ್ಯಾಕ್ಟೀರಿಯಾದಿಂದ ಮೆದುಳುಜ್ವರ ಬಂದಾಗ ಈ ಸಕ್ಕರೆ ಇಳಿಯುತ್ತೆ, ಪ್ರೋಟೀನ್ ಏರುತ್ತೆ, ಲ್ಯಾಬ್‌ನವರು ಹುಡುಕೋದು ಇದನ್ನೇ.

ಅಲ್ಲಿಂದ ಎರಡು ಪಕ್ಕದ ವೆಂಟ್ರಿಕಲ್‌ಗಳಿಂದ ಮೂರನೇದಕ್ಕೆ, ಒಂದು ಸಣ್ಣ ಕಾಲುವೆ ದಾಟಿ ನಾಲ್ಕನೇದಕ್ಕೆ, ಅಲ್ಲಿನ ತೂತುಗಳಿಂದ ಹೊರಗೆ ಬಂದು ಮಿದುಳು ಬೆನ್ನುಹುರಿ ಸುತ್ತ ಹರಡಿಕೊಳ್ಳುತ್ತೆ. ತಳ್ಳೋಕೆ ಬೇರೆ ಹೃದಯ ಅಂತ ಇಲ್ಲ, ನಾಡಿಯ ಬಡಿತ, ಉಸಿರಾಟ, ಇವೇ ಅದನ್ನ ಹಿಂದೆ ಮುಂದೆ ಆಡಿಸ್ತವೆ. ಕೊನೆಗೆ ತಲೆಬುರುಡೆಯ ಒಳಗೆ, ನೆತ್ತಿಯ ಕೆಳಗಿರೋ ದೊಡ್ಡ ರಕ್ತನಾಳಕ್ಕೆ ಸೇರುತ್ತೆ, ಸ್ವಲ್ಪ ಲಿಂಫ್ ದಾರೀಲೂ, ಅಂದ್ರೆ ಮೈಯಲ್ಲಿ ಹೆಚ್ಚಾದ ದ್ರವ ಸಾಗಿಸೋ ಸಣ್ಣ ನಾಳಗಳಲ್ಲೂ ಹೋಗುತ್ತೆ.

ಆ ಸಣ್ಣ ಕಾಲುವೆ ಇದೆಯಲ್ಲ, ತೊಂದರೆ ಹೆಚ್ಚಾಗಿ ಅಲ್ಲೇ. ಗಡ್ಡೆನೋ ಹುಟ್ಟಿನಿಂದ್ಲೇ ಇರೋ ದೋಷನೋ ದಾರಿ ಮುಚ್ಚಿದ್ರೂ ಮೇಲೆ ಉತ್ಪಾದನೆ ನಿಲ್ಲಲ್ಲ, ಮೋರಿ ಕಟ್ಕೊಂಡ್ರೂ ನಲ್ಲಿ ಬಿಟ್ಟೇ ಇದ್ದಂಗೆ. ತಲೇಲಿ ನೀರು ತುಂಬಿದೆ ಅಂತ ಜನ ಹೇಳೋದು ಇದನ್ನೇ, ಹೈಡ್ರೋಸೆಫಾಲಸ್. ಎಳೆ ಮಗುವಿಗೆ ಬುರುಡೆ ಕೂಡಿರಲ್ಲ, ತಲೆನೇ ದೊಡ್ಡದಾಗುತ್ತೆ. ದೊಡ್ಡವರಿಗೆ ಜಾಗ ಎಲ್ಲಿದೆ, ಒತ್ತಡ ಏರಿ ತಲೆನೋವು, ವಾಂತಿ, ಮಂಪರು. ಆಗ ಶಂಟ್ ಅಂತ ಒಂದು ಸಣ್ಣ ಕೊಳವೆನ ಚರ್ಮದ ಕೆಳಗಿಂದ ಹೊಟ್ಟೆವರೆಗೆ ಇಳಿಸ್ತಾರೆ, ಹೆಚ್ಚಾದ ದ್ರವ ಹೊಟ್ಟೇಲಿ ಹೀರಿಕೊಂಡು ಹೋಗುತ್ತೆ.

ಇಷ್ಟೆಲ್ಲಾ ಏರ್ಪಾಡು ಯಾಕಪ್ಪಾ ಅಂದ್ರೆ, ತೇಲಿಸೋಕೆ. ಸುಮಾರು 1400 ಗ್ರಾಂ ಮಿದುಳು ಈ ದ್ರವದಲ್ಲಿ 50 ಗ್ರಾಂ ಆಸುಪಾಸು ತೂಗುತ್ತೆ, ಇಲ್ದಿದ್ರೆ ತನ್ನ ಭಾರಕ್ಕೇ ಕೆಳಗಿನ ನರಗಳು ಜಜ್ಜಿಹೋಗ್ತಿದ್ವು. ಪೆಟ್ಟು ತಡೆಯೋದು, ಕಸ ಸಾಗಿಸೋದು ಕೂಡ ಇದರದ್ದೇ ಕೆಲಸ, ನಿದ್ದೇಲಿ ಕಸ ಜಾಸ್ತಿ ಹೋಗುತ್ತಾ ಅನ್ನೋದಕ್ಕೆ ವಿಜ್ಞಾನಿಗಳು ಇನ್ನೂ ಜಗಳ ಆಡ್ತಾನೇ ಇದಾರೆ ಬಿಡಿ. ಸೂಜಿ ಹಾಕಿದ ಮೇಲೆ ಕೆಲವರಿಗೆ ಎದ್ದು ಕೂತ್ರೆ ತಲೆನೋವು, ಮಲಗಿದ್ರೆ ಕಮ್ಮಿ ಆಗೋದೂ ಇದಕ್ಕೇ, ತೂತಿಂದ ದ್ರವ ಜಿನುಗಿ ತೇಲೋದು ಕಮ್ಮಿ ಆಗಿ ಮಿದುಳು ಸ್ವಲ್ಪ ಕೆಳಗೆ ಜಗ್ಗುತ್ತೆ. ಸಾಮಾನ್ಯವಾಗಿ ಕೆಲವು ದಿನದಲ್ಲಿ ತಾನಾಗೇ ಹೋಗುತ್ತೆ. ಹೋಗದೇ ಇದ್ರೆ ಅವರದ್ದೇ ರಕ್ತ ಸ್ವಲ್ಪ ತಗೊಂಡು ಆ ತೂತಿನ ಹತ್ರ ಬಿಡ್ತಾರೆ, ಅದು ಹೆಪ್ಪುಗಟ್ಟಿ ತೂತು ಮುಚ್ಚಿಕೊಳ್ಳುತ್ತೆ.